ಏಸಿ ಕೂರಿಸುವ ಮೊದಲು ಸರ್ಟಿಫಿಕೇಟ್ ಯಾರ ಹೆಸರಲ್ಲಿದೆ ನೋಡಿ

ಕಟ್ಟಡಕ್ಕೆ ಹೊಸದಾಗಿ ಏಸಿ ಅಥವಾ ಹೀಟಿಂಗ್ ಹಾಕಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ. ನಮ್ಮ ಆಫೀಸಿನಲ್ಲಿ ಎರಡನೇ ಬೇಸಿಗೆ ಬರುವಷ್ಟರಲ್ಲೇ ಕಂಪ್ರೆಸರ್ ಸುಟ್ಟುಹೋಯಿತು. ಮೆಷಿನ್ ಒಳ್ಳೆಯದೇ ಆಗಿತ್ತು. ಅದನ್ನು ಕೂರಿಸಿದ ರೀತಿ ಕೆಟ್ಟದಾಗಿತ್ತು.

ನಮ್ಮದು ಹೀಟ್ ಪಂಪ್. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬಿಸಿ, ಎರಡೂ ಒಂದೇ ಯಂತ್ರದಿಂದ. ಕೆಲಸ ಹಿಡಿದ ಗುತ್ತಿಗೆದಾರರು ಮಾತುಕತೆಗೆ ಬಂದಾಗಲೇ ಸರ್ಟಿಫಿಕೇಟುಗಳ ದಪ್ಪ ಫೈಲ್ ತೋರಿಸಿದ್ದರು. ಅವು ನಕಲಿಯೂ ಅಲ್ಲ. ಆದರೆ ಪೈಪ್ ಹಿಡಿದು ಕೆಲಸ ಮಾಡಿದವರು ಬೇರೆ ಹುಡುಗರು. ಅವರಲ್ಲಿ ಒಬ್ಬರ ಹತ್ತಿರವೂ ಸ್ವಂತ ಸರ್ಟಿಫಿಕೇಟ್ ಇರಲಿಲ್ಲ. ಗುತ್ತಿಗೆದಾರರು ಇದನ್ನು ನಮಗೆ ಹೇಳಲೇ ಇಲ್ಲ.

ಶುರುವಿನಿಂದಲೇ ತೊಂದರೆ. ರೂಮು ತಣ್ಣಗಾಗುತ್ತಿತ್ತು, ಆದರೂ ಮೈಗೆಲ್ಲ ಅಂಟು ಅಂಟು. ಮೆಷಿನ್ ಶುರುವಾದ ಸ್ವಲ್ಪ ಹೊತ್ತಿಗೇ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ದೂರು ಕೊಟ್ಟಾಗಲೆಲ್ಲ ‘ಗ್ಯಾಸ್ ಕಮ್ಮಿಯಾಗಿದೆ’ ಅಂತ ತುಂಬಿಸಿ ಹೋಗುತ್ತಿದ್ದರು. ಏಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಖಾಲಿಯಾಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರಬೇಕು. ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಸೋರುವ ಜಾಗ ಹುಡುಕದೆ ಮತ್ತೆ ಮತ್ತೆ ತುಂಬಿಸುವವರನ್ನು ನಂಬಬೇಡಿ.

ಕಂಪ್ರೆಸರ್ ಸುಟ್ಟಾಗ ತಯಾರಕರು ಮೊದಲು ಕೇಳಿದ್ದು ಯಂತ್ರ ಚಾಲೂ ಮಾಡಿದಾಗಿನ ವರದಿ. ಸೋರಿಕೆ ಇದೆಯಾ ಅಂತ ನೋಡುವ ನೈಟ್ರೋಜನ್ ಒತ್ತಡದ ಪರೀಕ್ಷೆ ಆಗಿದೆಯಾ, ವ್ಯಾಕ್ಯೂಮ್ (ಪಂಪ್ ಹಾಕಿ ಪೈಪಿನೊಳಗಿನ ಗಾಳಿ, ಪಸೆ ಎಳೆದು ತೆಗೆಯುವುದು) ಎಷ್ಟಕ್ಕೆ ಇಳಿದಿತ್ತು, ಎಷ್ಟು ಗ್ಯಾಸ್ ಹಾಕಿದರು, ಇದೆಲ್ಲ ಬರೆದಿಟ್ಟ ಹಾಳೆ. ಗುತ್ತಿಗೆದಾರರು ಅಂಥದ್ದೇನೂ ಮಾಡಿರಲೇ ಇಲ್ಲ. ವಾರಂಟಿ ಹೋಯಿತು.

ಆಮೇಲೆ ಬಂದ ಟೆಕ್ನೀಷಿಯನ್ ಕೇಳುವ ಮೊದಲೇ ತಮ್ಮ ಹೆಸರಿನ ಕಾರ್ಡ್ ತೋರಿಸಿದರು. ಕಾಪರ್ ಪೈಪ್ ಕತ್ತರಿಸಿ ನೋಡಿದರೆ ಒಳಗೆಲ್ಲ ಕಪ್ಪು ಹೊಪ್ಪಳೆ. ಬ್ರೇಜಿಂಗ್ ಮಾಡುವಾಗ, ಅಂದರೆ ಪೈಪುಗಳನ್ನು ಕಾಯಿಸಿ ಬೆಸೆಯುವಾಗ, ಪೈಪಿನೊಳಗೆ ನೈಟ್ರೋಜನ್ ಹರಿಸಬೇಕು. ಇಲ್ಲದಿದ್ದರೆ ಬಿಸಿಯಾದ ತಾಮ್ರ ಒಳಗಿನ ಗಾಳಿಯ ಜೊತೆ ಸೇರಿ ಹೀಗೆ ಕಪ್ಪಾಗುತ್ತದೆ, ಆ ಚೂರುಗಳು ವಾಲ್ವಿಗೆ ಹೋಗಿ ಸಿಕ್ಕಿಕೊಳ್ಳುತ್ತವೆ. ವ್ಯಾಕ್ಯೂಮ್ ಕೂಡ ಸರಿಯಾಗಿ ಎಳೆದಿರಲಿಲ್ಲ. ಹೊರಗಿನ ಗಾಳಿಯ ಒತ್ತಡ ಸುಮಾರು 7,60,000 ಮೈಕ್ರಾನ್ (ವ್ಯಾಕ್ಯೂಮ್ ಅಳೆಯಲು ಬಳಸುವ ಒತ್ತಡದ ಅಳತೆ). ಅದನ್ನು 500ಕ್ಕಿಂತ ಕೆಳಗೆ ಇಳಿಸಿ, ಪಂಪ್ ಬೇರ್ಪಡಿಸಿದ ಮೇಲೂ ಏರದೆ ನಿಲ್ಲುತ್ತದಾ ಅಂತ ನೋಡಬೇಕು. ಆಗಲೇ ಒಳಗಿನ ನೀರಿನ ಪಸೆ ಹೋಗಿದೆ ಅಂತ ಗೊತ್ತಾಗುವುದು. ಪಸೆ ಉಳಿದರೆ ಅದು ಕಂಪ್ರೆಸರ್ ಎಣ್ಣೆಯ ಜೊತೆ ಸೇರಿ ಆಸಿಡ್ ಆಗುತ್ತದೆ. ನಮ್ಮ ಎಣ್ಣೆಯಲ್ಲಿ ಆಸಿಡ್ ಇತ್ತು.

ಅಂಟು ಅಂಟಿಗೆ ಕಾರಣ ಯಂತ್ರದ ಗಾತ್ರ. ಕಿಟಕಿ, ಬಿಸಿಲು, ಜನ, ಲೈಟು ಯಾವುದನ್ನೂ ಲೆಕ್ಕ ಹಾಕದೆ ಬರೀ ಚದರಡಿ ನೋಡಿ ಜಾಸ್ತಿ ಟನ್ನಿನದು ಕೂರಿಸಿದ್ದರು. ದೊಡ್ಡ ಮೆಷಿನ್ ಬೇಗ ತಣ್ಣಗೆ ಮಾಡಿ ನಿಂತುಬಿಡುತ್ತದೆ, ಗಾಳಿಯ ತೇವ ಹಾಗೇ ಉಳಿಯುತ್ತದೆ.

ಹಾಗಾಗಿ ಸರ್ಟಿಫಿಕೇಟ್ ಇದೆಯಾ ಅಂತ ಕೇಳಿದರೆ ಸಾಲದು. ಯಾರ ಹೆಸರಲ್ಲಿ, ಯಾವ ಕೆಲಸಕ್ಕೆ ಅಂತ ಕೇಳಬೇಕು. ಅಮೆರಿಕದಲ್ಲಿ 1994ರಿಂದ ಏಸಿ ಗ್ಯಾಸ್ ಮುಟ್ಟುವ ಟೆಕ್ನೀಷಿಯನ್‌ಗೆ ಪರೀಕ್ಷೆ ಪಾಸಾಗಿರುವುದು ಕಡ್ಡಾಯ. ಆದರೆ ಆ ಪರೀಕ್ಷೆ ಗ್ಯಾಸ್ ನಿರ್ವಹಣೆಯ ಬಗ್ಗೆ. ಕಟ್ಟಡಕ್ಕೆ ಎಷ್ಟು ಟನ್ ಬೇಕು ಅಂತ ಲೆಕ್ಕ ಹಾಕಲು ಬರುತ್ತದೆ ಅನ್ನುವುದಕ್ಕೆ ಅದು ಸಾಕ್ಷಿಯಲ್ಲ. ಅದರಲ್ಲೂ ವರ್ಗಗಳಿವೆ. ಸಣ್ಣ ಯಂತ್ರಗಳ ವರ್ಗ ಮಾತ್ರ ಪಾಸಾದವರು ದೊಡ್ಡ ಸಿಸ್ಟಮ್ ಮುಟ್ಟುವ ಹಾಗಿಲ್ಲ. ಬ್ರಿಟನ್ನಿನಲ್ಲಿ ಅಡುಗೆ, ಬಾಯ್ಲರ್‌ಗಳ ಉರಿಯುವ ಗ್ಯಾಸಿನ ಕೆಲಸ ಮಾಡುವವರಿಗೆ ಕೊಡುವ ಗ್ಯಾಸ್ ಸೇಫ್ ಕಾರ್ಡ್ ನನಗೆ ತುಂಬಾ ಇಷ್ಟವಾಯಿತು. ಅದರ ಹಿಂಬದಿಯಲ್ಲಿ ಆ ವ್ಯಕ್ತಿ ಯಾವ್ಯಾವ ಕೆಲಸ ಮಾಡಬಹುದು ಅಂತ ಬರೆದಿರುತ್ತದೆ. ಯಂತ್ರಕ್ಕೆ ಸಿಗುವ ಸರ್ಟಿಫಿಕೇಟ್ ಬೇರೆಯೇ. ಅದು ಲ್ಯಾಬಿನಲ್ಲಿ ಅಳೆದದ್ದು, ಕೂರಿಸಿದವರ ಕೈಗೆಲಸದ ಬಗ್ಗೆ ಏನೂ ಹೇಳುವುದಿಲ್ಲ.

ಈಗ ಇದು ಇನ್ನೂ ಮುಖ್ಯ. ಏಸಿ ಗ್ಯಾಸುಗಳಲ್ಲಿ ಹಳೆಯ ಆರ್-410ಎ ಬದಲು ಬರುತ್ತಿರುವ ಆರ್-32 ಭೂಮಿಯನ್ನು ಬಿಸಿ ಮಾಡುವುದು ಕಮ್ಮಿ, ಆದರೆ ಅದಕ್ಕೆ ಸ್ವಲ್ಪ ಮಟ್ಟಿಗೆ ಬೆಂಕಿ ಹತ್ತುವ ಗುಣ ಇದೆ. ಇನ್ನೊಂದು ಗ್ಯಾಸ್ ಆರ್-290 ಅಂದರೆ ಸಾಕ್ಷಾತ್ ಪ್ರೊಪೇನ್, ಸುಲಭವಾಗಿ ಬೆಂಕಿ ಹತ್ತುವಂಥದ್ದು. ಗ್ಯಾಸ್ ಬಾಯ್ಲರ್ ಹಾಕಿಸುವವರಂತೂ ಇನ್ನೂ ಹುಷಾರಾಗಿರಬೇಕು. ಹೊಗೆ ಕೊಳವೆ ಸರಿಯಿಲ್ಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೇ ತುಂಬುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಜೀವವನ್ನೇ ತೆಗೆಯುತ್ತದೆ.

ಒಪ್ಪಂದದಲ್ಲೇ ಕೆಲಸಕ್ಕೆ ಬರುವವರ ಹೆಸರು, ಕಾರ್ಡ್ ನಂಬರ್ ಬರೆಸಿ. ಬಂದ ದಿನ ಕಾರ್ಡಿನ ಫೋಟೋ ಮತ್ತು ಮುಖ ಹೋಲಿಸಿ, ಕೊಟ್ಟ ಸಂಸ್ಥೆಯಲ್ಲಿ ನಂಬರ್ ತಾಳೆ ನೋಡಿ. ವ್ಯಾಕ್ಯೂಮ್ ಗೇಜಿನ ಫೋಟೋ ಕೇಳಿ. ಚಾಲೂ ಮಾಡಿದ ವರದಿ ಕೈಗೆ ಬರುವವರೆಗೆ ಕೊನೆಯ ಕಂತು ಕೊಡಬೇಡಿ. ಈಗಾಗಲೇ ಕೂರಿಸಿಯಾಗಿ ಅನುಮಾನ ಇದ್ದರೆ, ವಾರಂಟಿ ಮುಗಿಯುವ ಮೊದಲೇ ಬೇರೆ ಸರ್ಟಿಫೈಡ್ ಟೆಕ್ನೀಷಿಯನ್ ಕರೆಸಿ ಸೋರಿಕೆ, ಗಾಳಿಯ ಹರಿವು, ಗ್ಯಾಸಿನ ಪ್ರಮಾಣ ಅಳೆಸಿ, ಬರೆಸಿಟ್ಟುಕೊಳ್ಳಿ.