ಕೊಡಗಿನ ನರ್ಸರಿಗಳ ಕಾಡುಮರದ ಸಸಿ: ಎತ್ತರ ಬಿಡಿ, ಬೇರು ನೋಡಿ

ಮಳೆ ಹಿಡಿಯುವ ಹೊತ್ತಿಗೆ ಕೊಡಗಿನ ನರ್ಸರಿಗಳಲ್ಲಿ ಸಿಲ್ವರ್ ಓಕ್ ಪಕ್ಕದಲ್ಲೇ ಹೆಬ್ಬಲಸು, ನಂದಿ, ಬಳಂಜಿ, ಗಂಧಗರಿಗೆ, ಬೀಟೆ ಸಸಿಗಳೂ ಕಾಣಸಿಗುತ್ತವೆ. ಆಸ್ಟ್ರೇಲಿಯಾ ಮೂಲದ ಸಿಲ್ವರ್ ಇಷ್ಟು ಹಬ್ಬಿದ್ದಕ್ಕೆ ಕಡಿಯುವಾಗ ಕಾಗದಪತ್ರದ ಕಾಟ ಕಡಿಮೆ ಎಂಬುದೂ ಕಾರಣ. ಕಾಫಿ ತೋಟಕ್ಕೆ ಬೇಕಾದ ನೆರಳು ಮಾತ್ರ ಕಾಡುಮರದ್ದೇ.

ಮೊದಲು ಕೊಳ್ಳಬೇಕಾದದ್ದು ಹೆಬ್ಬಲಸು. ವರ್ಷವಿಡೀ ಹಸಿರು, ತೊಗಟೆ ಒರಟು, ಮೆಣಸಿನ ಬಳ್ಳಿ ಚೆನ್ನಾಗಿ ಕಚ್ಚುತ್ತದೆ. ನಂದಿಯ ಮೋಪು ಒಳ್ಳೆಯದು, ಆದರೆ ತೊಗಟೆ ಸುಲಿದು ಉದುರುವುದರಿಂದ ಬಳ್ಳಿಗೆ ಹಿಡಿತ ಸಿಗದು. ಬಳಂಜಿ ಬೇಗ ಏರುತ್ತದೆ. ಬೇಸಿಗೆಯಲ್ಲಿ, ನೆರಳು ಬೇಕಾದಾಗಲೇ, ಎಲೆ ಉದುರಿಸಿ ನಿಲ್ಲುತ್ತದೆ. ಅದೊಂದನ್ನೇ ನೆಚ್ಚಬೇಡಿ. ಗಂಧಗರಿಗೆಯ ಶತ್ರು ಸುಳಿ ಕೊರೆಯುವ ಹುಳು. ಸುಳಿ ಸತ್ತರೆ ಮರ ಕವಲೊಡೆದು ನೆಟ್ಟಗಿನ ಕಾಂಡ ಕೈತಪ್ಪುತ್ತದೆ. ಬಯಲಲ್ಲಿ ಸಾಲಾಗಿ ನೆಡದೆ ಬೇರೆ ಮರಗಳ ನಡುವೆ ಚದುರಿಸಿ ನೆಡಿ. ಸುಳಿ ಬಾಡಿದರೆ ಕತ್ತರಿಸಿ, ಗಟ್ಟಿ ಚಿಗುರು ಒಂದನ್ನೇ ಉಳಿಸಿ. ಬೀಟೆಯದು ನಿಧಾನದ ಬೆಳವಣಿಗೆ, ಕಡಿಯಲು ಅನುಮತಿ ಬೇಕೇ ಬೇಕು. ಅದನ್ನು ಪ್ರೀತಿಗೆ ನೆಡಬೇಕು, ಲೆಕ್ಕಕ್ಕಲ್ಲ. ಆನೆ ಓಡಾಡುವ ತೋಟಕ್ಕೆ ಹಲಸು ಬೇಡ, ಹಣ್ಣಿನಾಸೆಗೆ ಅವು ಒಳನುಗ್ಗುತ್ತವೆ.

ಇನ್ನು ಸಸಿಯ ಗುಣಮಟ್ಟ. ಇಲ್ಲಿ ನರ್ಸರಿಗಳಿಗೆ ಅರ್ಧ ಅಂಕವಷ್ಟೇ ಕೊಡಬಹುದು. ಕಳೆದ ವರ್ಷ ಮಾರಾಟವಾಗದೆ ಉಳಿದ ಸಸಿ ಸಣ್ಣ ಪಾಲಿಬ್ಯಾಗಿನಲ್ಲೇ ಮೂರು ನಾಲ್ಕು ಅಡಿ ಬೆಳೆದು ನಿಂತಿರುತ್ತದೆ, ಗಿರಾಕಿಯ ಕಣ್ಣು ಹೋಗುವುದೂ ಅದರ ಮೇಲೇ. ಒಳಗೆ ತಾಯಿಬೇರು ತಳ ಮುಟ್ಟಿ ಸುರುಳಿ ಸುತ್ತಿರುತ್ತದೆ. ನೆಟ್ಟ ಮೇಲೆ ಒಂದೆರಡು ವರ್ಷ ಚೆನ್ನಾಗಿಯೇ ಕಂಡು, ಆಮೇಲೆ ಗಾಳಿಮಳೆಗೆ ಬುಡ ಸಮೇತ ವಾಲುತ್ತದೆ. ಬ್ಯಾಗ್ ಎತ್ತಿ ನೋಡಿ: ಬೇರು ತೂತಿನಿಂದ ಇಳಿದು ನೆಲ ಕಚ್ಚಿದ್ದರೆ ಆ ಸಸಿ ಬೇಡ, ಕಿತ್ತಾಗ ಬೇರು ಹರಿದು, ನೆಟ್ಟೊಡನೆ ಬಾಡುತ್ತದೆ. ಒಂದೂವರೆ ಅಡಿ ಎತ್ತರ, ಪೆನ್ಸಿಲ್ ದಪ್ಪದ ಬುಡ ಇದ್ದರೆ ಸಾಕು. ನೆರಳುಬಲೆಯಡಿಯ ಸಸಿ ತಂದರೆ ಒಂದೆರಡು ವಾರ ಬಿಸಿಲಿಗೆ ಒಗ್ಗಿಸಿ.

ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ಮೇ ತಿಂಗಳಲ್ಲೇ ತೆಗೆದು, ಮೇಲ್ಮಣ್ಣಿಗೆ ಕೊಳೆತ ಗೊಬ್ಬರ ಬೆರೆಸಿ ತುಂಬಿ. ಜೂನಿನಲ್ಲಿ ನೆಲ ನೆನೆದ ಮೇಲೆ ಬ್ಯಾಗ್ ಪೂರ್ತಿ ಸೀಳಿ ತೆಗೆದು, ತಳದಲ್ಲಿ ಸುತ್ತಿದ ಬೇರನ್ನು ಬ್ಲೇಡಿನಿಂದ ಕತ್ತರಿಸಿ ನೆಡಿ. ಬುಡದಲ್ಲಿ ನೀರು ನಿಲ್ಲದಂತೆ ಮಣ್ಣು ಸ್ವಲ್ಪ ಏರಿಸಿ. ಪಕ್ಕದಲ್ಲಿ ಬಣ್ಣ ಬಳಿದ ಗೂಟ ಬೇಕೇ ಬೇಕು. ಕಳೆ ಹೊಡೆಯುವ ಯಂತ್ರಕ್ಕೆ ಬಲಿಯಾಗುವ ಸಸಿಗಳು ಕಡಿಮೆಯೇನಲ್ಲ.

ಜಮೀನಿನಲ್ಲಿ ಮರ ಬೆಳೆಸುವವರಿಗೆ ಸರ್ಕಾರ ಕೊಡುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ಹಣ ಬೇಕಿದ್ದರೆ ಸಸಿಯನ್ನು ಅರಣ್ಯ ಇಲಾಖೆಯ ನರ್ಸರಿಯಲ್ಲೇ ಕೊಂಡು ರಸೀದಿ ಜೋಪಾನ ಮಾಡಿ. ಈ ಯೋಜನೆಯಲ್ಲಿ ಹಣ ಸಿಗುವುದು ಬದುಕುಳಿದ ಗಿಡಕ್ಕೆ ಮಾತ್ರ, ಅದೂ ಮೂರು ವರ್ಷ ಕಂತಿನಲ್ಲಿ.