ಹೆಜ್ಜೇನು ಇದೆ ಅಂತ ಗೊತ್ತಿದ್ದೂ ನಮ್ಮನ್ನು ಕುದುರೆ ಹತ್ತಿಸಿದರು

ಸಕಲೇಶಪುರದ ಕಡೆ ಕಾಫಿ ತೋಟದೊಳಗೆ ಕುದುರೆ ಸವಾರಿಗೆ ಹೋಗುವವರು ದಯವಿಟ್ಟು ಓದಿ. ಕೈ ಇನ್ನೂ ಊದಿಕೊಂಡೇ ಇದೆ, ಆದರೂ ಬರೆಯುತ್ತಿದ್ದೇನೆ.

ನಾನು, ತಮ್ಮ ಇಬ್ಬರೇ. ತಲೆಗೆ 2,500 ರೂಪಾಯಿ, ಅಷ್ಟೂ ಮೊದಲೇ ಕಟ್ಟಿಸಿಕೊಂಡರು. ಮಾರ್ಚ್ ತಿಂಗಳು, ಮಳೆ ಬಿದ್ದು ಕಾಫಿ ಹೂ ಬಿಟ್ಟಿತ್ತು. ಹೂವಿನ ಕಾಲಕ್ಕೆ ಹೆಜ್ಜೇನು ಬಂದು ಕೂರುತ್ತದೆ ಅಂತ ನನಗೂ ಗೊತ್ತು. ಅದಕ್ಕೇ ಹತ್ತುವ ಮೊದಲು ಕೇಳಿದೆ. ಕೇಳಿದ್ದೆ! "ಏನೂ ಇಲ್ಲ ಮೇಡಂ, ದಿನಾ ಹೋಗೋ ದಾರಿ" ಅಂದರು ಓನರ್.

ದೊಡ್ಡ ಬೂರುಗದ ಮರದ ಹತ್ತಿರ ಮುಂದಿನ ಕುದುರೆ ತಲೆ ಕೊಡವಿತು. ಆಮೇಲೆ ಆ ಸದ್ದು. ನನ್ನ ಕುದುರೆ ಹಿಂಗಾಲು ಝಾಡಿಸಿ ಓಡಿತು, ನಾನು ಬಿದ್ದೆ. ಪಾಪ, ಅದರ ಹೊಟ್ಟೆ ಕೆಳಗೆಲ್ಲ ಕಚ್ಚಿದ್ದವು. ಎಷ್ಟು ದೂರ ಓಡಿದೆವೋ, ಅಟ್ಟಿಸಿಕೊಂಡು ಬಂದವು.

ಕೊನೆಗೆ ನಿಂತಾಗ ಜೊತೆಗಿದ್ದ ಹುಡುಗ ಅಳುತ್ತಾ ಹೇಳಿದ: "ಹೋದ ಭಾನುವಾರನೂ ಎದ್ದಿತ್ತಕ್ಕ. ಓನರ್‌ಗೆ ಹೇಳಿದ್ದೆ."

ಹೋದ ಭಾನುವಾರನೂ. ಕಚ್ಚಿದ ಉರಿಗಿಂತ ಆ ಮಾತೇ ಜಾಸ್ತಿ ಉರಿಯಿತು. ನಾನು ನೇರವಾಗಿ ಕೇಳಿದ್ದಕ್ಕೆ ಮುಖ ನೋಡಿಕೊಂಡೇ ಸುಳ್ಳು ಹೇಳಿದ್ದರು ಅಲ್ವಾ?

ತಮ್ಮನ ಕುತ್ತಿಗೆಯಲ್ಲೇ 14 ಮುಳ್ಳು. ತುಟಿ ಊದಿತು, ಉಸಿರು ಸಿಕ್ಕಿಕೊಳ್ಳತೊಡಗಿತು. ಅವರ ಪೆಟ್ಟಿಗೆಯಲ್ಲಿ ಇದ್ದಿದ್ದು ಹತ್ತಿ, ಬ್ಯಾಂಡೇಜ್. ಜೀಪ್ ಬರಲು ಮುಕ್ಕಾಲು ಗಂಟೆ. ಆಸ್ಪತ್ರೆಯಲ್ಲಿ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟ ಮೇಲೆಯೇ ಅವನಿಗೆ ಉಸಿರು ಸರಿಯಾಗಿದ್ದು.

ಮರುದಿನ ಫೋನ್ ಮಾಡಿದರೆ ಓನರ್ ಉತ್ತರ ಕೇಳಿ: "ಕಾಡು ಅಂದ್ಮೇಲೆ ಜೇನು ಇರುತ್ತೆ ಮೇಡಂ. ನೀವು ಸೆಂಟ್ ಹಾಕ್ಕೊಂಡಿದ್ರೇನೋ. ಫಾರ್ಮ್‌ಗೆ ಸೈನ್ ಮಾಡಿದ್ದೀರಲ್ಲ." ಸೆಂಟ್ ಅಂತೆ! ನಾನು ಸೆಂಟ್ ಹಾಕುವುದೇ ಇಲ್ಲ. ತಮ್ಮ ಹೇಗಿದ್ದಾನೆ ಅಂತ ಒಂದು ಮಾತೂ ಕೇಳಲಿಲ್ಲ.

ಹೋಗಲೇಬೇಕು ಅಂದರೆ ಓನರನ್ನು ಕೇಳಬೇಡಿ, ಕುದುರೆ ನೋಡಿಕೊಳ್ಳುವ ಹುಡುಗರನ್ನು ಕೇಳಿ. ಜೇನು ಎದ್ದರೆ ನಿಲ್ಲಬೇಡಿ, ಕೈ ಬೀಸಬೇಡಿ, ಕುದುರೆಯನ್ನು ಮುಂದಕ್ಕೆ ಓಡಿಸಿ. ಮುಳ್ಳನ್ನು ತಕ್ಷಣ ಉಗುರಲ್ಲಿ ಕೆರೆದು ತೆಗೆಯಿರಿ, ಅದು ಒಳಗಿದ್ದಷ್ಟು ಹೊತ್ತೂ ವಿಷ ಬಿಡುತ್ತದೆ. ತುಟಿ, ನಾಲಿಗೆ ಊದಿದರೆ ಸುಣ್ಣಗಿಣ್ಣ ಹಚ್ಚುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ನಿನ್ನೆ ಗೆಳತಿಯ ನಂಬರಿನಿಂದ ಅಲ್ಲಿಗೆ ಫೋನ್ ಮಾಡಿಸಿದೆ. ಶನಿವಾರಕ್ಕೆ ಬುಕಿಂಗ್ ಇದೆಯಂತೆ. ಜೇನು ಇದೆಯಾ ಅಂತ ಕೇಳಿದಳು.

"ಏನೂ ಇಲ್ಲ ಮೇಡಂ, ದಿನಾ ಹೋಗೋ ದಾರಿ."