ದೀಪಾವಳಿಗೆ ಊರಿಗೆ ಹೋಗಲು ಕೆಎಸ್‌ಆರ್‌ಟಿಸಿ ವಿಶೇಷ ಬಸ್: ಎಷ್ಟು ನೆಚ್ಚಬಹುದು?

ಹಬ್ಬಕ್ಕೆ ಕೆಎಸ್‌ಆರ್‌ಟಿಸಿ ಬಿಡುವ ‘ವಿಶೇಷ ಬಸ್’ನಲ್ಲಿ ವಿಶೇಷವಾಗಿರುವುದು ಟ್ರಿಪ್ಪು, ಬಸ್ಸಲ್ಲ. ಇಷ್ಟು ತಿಳಿದು ಹತ್ತಿದರೆ ದಾರಿಯುದ್ದಕ್ಕೂ ಬೈಯುವುದು ಅರ್ಧ ತಪ್ಪುತ್ತದೆ.

ಆ ರಾತ್ರಿಗಳಲ್ಲಿ ಬೆಂಗಳೂರಿನಿಂದ ಹೊರಗೆ ಮಾತ್ರ ಜನ; ಎದುರು ದಿಕ್ಕಿನಲ್ಲಿ ಸೀಟು ಖಾಲಿ. ದಿನನಿತ್ಯದ ಬಸ್ಸುಗಳು ಸಾಲದೆ ಬೇರೆ ಬೇರೆ ವಿಭಾಗಗಳಿಂದ ಗಾಡಿ ತರಿಸುತ್ತಾರೆ. ಬಸ್ಸಿನ ಮೇಲೆ ವಿಭಾಗ, ಘಟಕದ ಹೆಸರು ಬರೆದಿರುತ್ತದೆ, ನೋಡಿ. ನಿಮ್ಮೂರ ಕಡೆಯ ಘಟಕದ್ದೇ ಸಿಕ್ಕರೆ ಅದೃಷ್ಟ, ಚಾಲಕರಿಗೆ ಘಾಟಿಯ ತಿರುವೂ ಗೊತ್ತು, ಬೆಳಗಿನ ಜಾವ ನೀವು ಇಳಿಯುವ ಕ್ರಾಸೂ ಗೊತ್ತು. ಬೇರೆ ಘಟಕದ ಬಸ್ಸಾದರೆ ಕಂಡಕ್ಟರಿಗೆ ಮೊದಲೇ ಹೇಳಿಟ್ಟುಕೊಂಡು, ಅಲಾರಂ ಇಟ್ಟೇ ಮಲಗಿ.

ದಿನ ಆರಿಸುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ನೀರು ತುಂಬುವ ಹಬ್ಬದ ಸಂಜೆಗೆ ಮನೆಯಲ್ಲಿರಬೇಕು, ಮರುದಿನ ನಸುಕಿಗೆ ಎಣ್ಣೆಸ್ನಾನ. ಹಾಗಾಗಿ ಎಲ್ಲರೂ ಅದರ ಹಿಂದಿನ ರಾತ್ರಿಗೇ ಮುಗಿಬೀಳುತ್ತಾರೆ. ಒಂದು ದಿನ ಮುಂಚೆ ರಜೆ ಸಿಕ್ಕರೆ ಹಗಲು ಬಸ್ಸಿಗೆ ಹೋಗಿಬಿಡಿ.

ಟಿಕೆಟ್ ತೆಗೆಯುವಾಗ ಹೊರಡುವ ಜಾಗ ಓದಿ. ಹುಬ್ಬಳ್ಳಿ, ಶಿವಮೊಗ್ಗ, ಶಿರಸಿ, ಮಂಗಳೂರು, ಧರ್ಮಸ್ಥಳ, ಕಲಬುರಗಿ ಕಡೆಯವು ಮೆಜೆಸ್ಟಿಕ್‌ನಿಂದ. ಮೈಸೂರು, ಹುಣಸೂರು, ಮಡಿಕೇರಿ ಕಡೆಯವು ಮೈಸೂರು ರಸ್ತೆ ನಿಲ್ದಾಣದಿಂದ. ತಮಿಳುನಾಡಿನವು ಶಾಂತಿನಗರದಿಂದ. ನಾಲ್ಕು ಅಥವಾ ಹೆಚ್ಚು ಜನರಿಗೆ ಒಟ್ಟಿಗೆ ಬುಕ್ ಮಾಡಿದರೆ ಶೇ 5, ಹೋಗಿ-ಬರುವ ಟಿಕೆಟ್ ಜೊತೆಯಲ್ಲೇ ತೆಗೆದರೆ ಬರುವ ಪ್ರಯಾಣಕ್ಕೆ ಶೇ 10 ರಿಯಾಯಿತಿ ಎಂದು ನಿಗಮ ಪ್ರಕಟಿಸುತ್ತದೆ. ರಿಯಾಯಿತಿ ಹಾಗಿರಲಿ, ಬಲಿಪಾಡ್ಯಮಿ ರಾತ್ರಿಯ ವಾಪಸ್ ಸೀಟು ಆಮೇಲೆ ಸಿಗುವುದೇ ಕಷ್ಟ. ಆ ಒಂದೇ ಕಾರಣಕ್ಕೆ ಎರಡನ್ನೂ ಒಟ್ಟಿಗೆ ತೆಗೆಯಬೇಕು.

ಯಾವ ದರ್ಜೆ? ಆರೇಳು ತಾಸಿನ ಹಾದಿಗೆ ರಾಜಹಂಸ ಧಾರಾಳ ಸಾಕು. ಹುಬ್ಬಳ್ಳಿಯಿಂದಾಚೆಗೆ ಸ್ಲೀಪರ್‌ಗೆ ಕೊಟ್ಟ ದುಡ್ಡು ಬೆನ್ನಿಗೆ ಸಲ್ಲುತ್ತದೆ: ಎಸಿ ಬೇಡವಾದರೆ ಪಲ್ಲಕ್ಕಿ, ಬೇಕಾದರೆ ಅಂಬಾರಿ ಉತ್ಸವ. ಶಿರಾಡಿ, ಚಾರ್ಮಾಡಿ ಇಳಿಯುವವರು ಹಿಂದಿನ ಚಕ್ರದ ಆಚೆಯ ಸೀಟು ತೆಗೆದುಕೊಳ್ಳಬೇಡಿ. ತಿರುವಿನಲ್ಲಿ ಅಲ್ಲೇ ಓಲಾಟ ಜಾಸ್ತಿ, ಹೊಟ್ಟೆ ತೊಳಸುವುದೂ ಅಲ್ಲೇ. ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜಹಂಸಕ್ಕೂ ಇಲ್ಲ, ಸ್ಲೀಪರ್‌ಗೂ ಇಲ್ಲ. ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ಇದೆ. ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರಬೇಕು.

ಈ ಸೇವೆಯ ದೊಡ್ಡ ಕೊರತೆ ಸಮಯ. ಮಧ್ಯಾಹ್ನ ಊರಕಡೆಯಿಂದ ಬರಬೇಕಾದ ಗಾಡಿ ನೆಲಮಂಗಲದಲ್ಲಿ ಸಿಕ್ಕಿಕೊಂಡರೆ ಅದೇ ಗಾಡಿಯ ರಾತ್ರಿ ಟ್ರಿಪ್ಪೂ ತಡ. ಹೊರಟ ಮೇಲೂ ಮೆಜೆಸ್ಟಿಕ್‌ನಿಂದ ನೆಲಮಂಗಲಕ್ಕೆ ಎರಡು ತಾಸು ಹಿಡಿದರೆ ಆಶ್ಚರ್ಯವಿಲ್ಲ. ಟಿಕೆಟ್ ಮೇಲಿನ ಪಿಕಪ್ ಸಮಯ ಮಾಮೂಲಿ ರಾತ್ರಿಯ ಲೆಕ್ಕದ್ದು. ತುಮಕೂರು ರಸ್ತೆಯ ಬಸ್ಸಾದರೆ ಜಾಲಹಳ್ಳಿ ಕ್ರಾಸ್ ಪಿಕಪ್ ಆರಿಸಿ, ಹಸಿರು ಮಾರ್ಗದ ಮೆಟ್ರೊದಲ್ಲಿ ಅಲ್ಲಿಗೆ ಹೋಗಿ ಕಾಯುವುದು ಜಾಣತನ. ಊರೊಳಗಿನ ಜಾಮ್ ಬಸ್ಸಿನ ಪಾಲಿಗಿರಲಿ. ಗಾಡಿ ಸಂಖ್ಯೆ, ಕಂಡಕ್ಟರ್ ನಂಬರ್ ಎಸ್‌ಎಂಎಸ್‌ನಲ್ಲಿ ಬರುತ್ತದೆ. ಬೋರ್ಡು ನಂಬಬೇಡಿ, ಒಂದೇ ಊರಿಗೆ ಒಂದರ ಹಿಂದೊಂದು ನಾಲ್ಕು ಬಸ್ ನಿಂತಿರುತ್ತವೆ. ಸಂಖ್ಯೆ ತಾಳೆ ನೋಡಿಯೇ ಹತ್ತಿ.

ಲಗೇಜು ತಲೆಗೆ 30 ಕೆ.ಜಿ. ಉಚಿತ. ಕೆಂಪು ಬಸ್ಸಿನ ಮೇಲಿನ ರ‍್ಯಾಕಿನಲ್ಲಿ ಕೈಚೀಲ ಕೂರುತ್ತದೆ, ದೊಡ್ಡ ಸೂಟ್‌ಕೇಸ್ ಕೂರುವುದಿಲ್ಲ. ಪಟಾಕಿ ಒಯ್ಯುವಂತಿಲ್ಲ, ಊರಲ್ಲೇ ಕೊಳ್ಳಿ. ವಾಪಸ್ ಬರುವಾಗ ಕಾಯಿ ಚೀಲ ಡಿಕ್ಕಿಗೆ ಹೋಗಲಿ. ಉಪ್ಪಿನಕಾಯಿ ಮಾತ್ರ ಕಾಲ ಬಳಿಯೇ ಇರಲಿ, ಜಾಡಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ನೆಟ್ಟಗೆ ನಿಲ್ಲಿಸಿ. ಡಿಕ್ಕಿಯಲ್ಲಿ ಅಡ್ಡ ಬಿದ್ದರೆ ಎಣ್ಣೆ ಇಳಿಯುವುದು ಪಕ್ಕದವರ ಬ್ಯಾಗಿಗೆ.